ನಲ್ಲೂರಿನ ಗಂಗಮ್ಮ, ಮಲಯದ ಲಕ್ಷ್ಮಿ

ತಾಲ್ಲೂಕು ಕಚೇರಿಗೆ ಹೊಸದಾಗಿ ಸೇರಿರುವ ನನ್ನ ತಂಗಿಯ ಮಗ ಮೊನ್ನೆ ಬಂದು, "ಮಾವ, ಸರ್ವೀಸಿನಲ್ಲಿ ನೀವು ಕಲಿತದ್ದನ್ನೆಲ್ಲ ಒಂದು ಕಡೆ ಬರೆದಿಡಿ, ನಮ್ಮಂಥೋರಿಗೆ ಉಪಯೋಗಕ್ಕೆ ಬರುತ್ತೆ" ಎಂದ. ಏನು ಕಲಿತೆ ಎಂದು ಕೂತು ಯೋಚಿಸಿದೆ. ಗುಮಾಸ್ತನಾಗಿ ಸೇರಿ, ಆಮೇಲೆ ಗುಮಾಸ್ತರ ಮೇಲಿನ ಗುಮಾಸ್ತನಾಗಿ ಪಿಂಚಣಿ ಪಡೆದವನು ನಾನು. ಬಡ್ತಿ, ವರ್ಗ, ಇನ್‌ಕ್ರಿಮೆಂಟು ಎಲ್ಲ ಸರ್ವೀಸ್ ಪುಸ್ತಕದಲ್ಲಿವೆ, ಅವು ಯಾರಿಗೂ ಬೇಡ. ಅವನ್ನು ಬಿಟ್ಟರೆ ನನಗೆ ಉಳಿದದ್ದು ಕಲಿಕೆಯಲ್ಲ, ಗಲಿಬಿಲಿ. ಇಷ್ಟು ವರ್ಷ ಸರ್ಕಾರದ ಕಾಗದ ಬರೆದೂ, ಕಾಗದದಲ್ಲಿರುವ ಮನುಷ್ಯ ದೊಡ್ಡವನೋ ಎದುರಿಗೆ ನಿಂತಿರುವ ಮನುಷ್ಯ ದೊಡ್ಡವನೋ ಎಂದು ಯಾರಾದರೂ ಕೇಳಿದರೆ ನಾನು ತಲೆ ಕೆರೆದುಕೊಳ್ಳುತ್ತೇನೆ. ಯಾಕೆ ಹೀಗಾಯಿತು ಎಂಬುದನ್ನು ಬರೆಯುತ್ತೇನೆ. ಉಪಯೋಗಕ್ಕೆ ಬಂದರೆ ಬರಲಿ.

ಮೊದಲು ನಮ್ಮ ಕೆಲಸದ ರೀತಿ ಹೇಳಬೇಕು. ಆಗ ಹುಟ್ಟು ಸಾವಿನ ಪುಸ್ತಕ ಊರಿನ ಪಟೇಲರ ಮನೆಯಲ್ಲಿರುತ್ತಿತ್ತು. ಪಟೇಲರು ನೆನಪಾದಾಗ ಬರೆಯುತ್ತಿದ್ದರು, ನೆನಪಾಗದಿದ್ದರೆ ಇಲ್ಲ. ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಸರ್ಟಿಫಿಕೇಟ್ ಬೇಕಾದರೆ ಶೇಕದಾರರು ಊರಿಗೆ ಹೋಗಿ ಮಹಜರು ನಡೆಸಬೇಕು. ಶೇಕದಾರರೆಂದರೆ ಈಗಿನ ರೆವಿನ್ಯೂ ಇನ್‌ಸ್ಪೆಕ್ಟರು. ಮಹಜರೆಂದರೆ ಊರಿನ ನಾಲ್ಕು ಜನ ತಿಳಿದವರನ್ನು ಕೂರಿಸಿ, ಅವರು ಕಂಡದ್ದನ್ನು ಹೇಳಿಸಿ, ಬರೆದುಕೊಂಡು ಹೆಬ್ಬೆಟ್ಟು ಒತ್ತಿಸುವುದು.

ಸೇರಿದ ಹೊಸತರಲ್ಲಿ ಶೇಕದಾರ್ ಶಾಮಣ್ಣನವರ ಜೊತೆ ಇಂಥ ಒಂದು ಮಹಜರಿಗೆ ಹೋಗಿದ್ದೆ. ಬೇಗ ಮುಗಿಸೋಣ ಎಂದು ಅಲ್ಲಿದ್ದ ಅಜ್ಜಿಯೊಬ್ಬಳನ್ನು ನೇರವಾಗಿ, "ನಿಮ್ಮ ಸೊಸೆಗೆ ಹೆರಿಗೆ ಎಲ್ಲಾಯ್ತು?" ಎಂದು ಕೇಳಿಬಿಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನ್ಲಾ, ಮೀಸೆ ಬಂದ ಗಂಡ್ಸು ಕೇಳೋ ಮಾತಾ ಇದು? ನಿಮ್ಮವ್ವ ನಿನ್ನ ಎಲ್ಲಿ ಹೆತ್ಲು ಅಂತ ನಾನ್ ಕೇಳಿದ್ನಾ?" ಎಂದಳು. ಊರಿಗೆ ಊರೇ ನಕ್ಕಿತು.

ಬರುವ ದಾರಿಯಲ್ಲಿ ಶಾಮಣ್ಣನವರು ಸೈಕಲ್ ತಳ್ಳಿಕೊಂಡು ಬರುತ್ತ ಪಾಠ ಹೇಳಿದರು. "ನೋಡು ರಾಮಯ್ಯ, ಹೆರಿಗೆ ಅನ್ನೋ ಮಾತನ್ನೇ ಎತ್ತಬೇಡ. ಮೂರು ಪ್ರಶ್ನೆ ಕೇಳು. ಬಾಣಂತನ ಯಾರ ಮನೇಲಿ? ನೀರು ಹಾಕ್ದೋರು ಯಾರು? ತೊಟ್ಟಿಲು ಎಲ್ಲಿ ಕಟ್ಟಿದ್ರಿ? ಚೊಚ್ಚಲು ತವರಲ್ಲೇ ಆಗೋದು. ಮೂರಕ್ಕೂ ಒಂದೇ ಊರಿನ ಹೆಸರು ಬಂದ್ರೆ ಮಗು ಅಲ್ಲೇ ಹುಟ್ತು ಅಂತ ಬರ್ಕೊ. ನಾನು ಬಂದಾಗಿನಿಂದ ಇದು ಒಂದು ಸಲಾನೂ ತಪ್ಪಿಲ್ಲ."

ನಿಜವಾಗಿಯೂ ತಪ್ಪಿರಲಿಲ್ಲ, ಅಕ್ಕಯಮ್ಮನ ಮಗುವಿನವರೆಗೆ.

ಯುದ್ಧ ಮುಗಿದ ಮರುವರ್ಷದ ಕೊನೆ ಇರಬೇಕು. ನಲ್ಲೂರಿನ ಪಿಳ್ಳಪ್ಪ ಎಂಬ ರೈತ ತಲೆಗೆ ವಸ್ತ್ರ ಸುತ್ತಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ. ಹಿಂದೆ ಅವನ ಮಗಳು ಅಕ್ಕಯಮ್ಮ, ಅವಳ ಸೊಂಟದಲ್ಲಿ ಎರಡು ವರ್ಷ ದಾಟಿದ ಹೆಣ್ಣುಮಗು.

"ಸಾಮಿ, ನಮ್ ಅಳಿಯ ಬದುಕವ್ನೆ" ಎಂದ ಪಿಳ್ಳಪ್ಪ.

"ಒಳ್ಳೇದಾಯ್ತಲ್ಲಪ್ಪ. ಅದಕ್ಕೆ ಕಚೇರಿಗೆ ಯಾಕೆ ಬಂದೆ?"

"ಬದುಕಿರೋದು ಮಲಯದಲ್ಲಿ ಸಾಮಿ. ಇವ್ಳು ಹೋಗ್ಬೇಕಲ್ಲ."

ಒಂದೊಂದೇ ಮಾತು ಎಳೆದು ಕೇಳಿದಾಗ ಕಥೆ ಹೊರಬಿತ್ತು. ಅಳಿಯ ಮುನಿವೆಂಕಟ ಯುದ್ಧಕ್ಕೆ ಮೊದಲು, ಹಿಂದೂಪುರದ ಕಡೆಯ ನೆಂಟರ ಬೆನ್ನು ಹತ್ತಿ ಮಲಯಕ್ಕೆ ಹೋಗಿ ರಬ್ಬರ್ ತೋಟದಲ್ಲಿ ಲಾರಿ ಓಡಿಸುತ್ತಿದ್ದ. ಮದುವೆಯಾಗಿ ಅಕ್ಕಯಮ್ಮನನ್ನೂ ಕರೆದುಕೊಂಡು ಹೋದ. ಜಪಾನಿನವರು ಬಂದರು. ಮಗು ಹುಟ್ಟಿ ಕೆಲವೇ ತಿಂಗಳಿಗೆ, ರೈಲು ದಾರಿ ರಿಪೇರಿ ಕೆಲಸಕ್ಕೆಂದು ಅವನನ್ನು ಪಕ್ಕದ ಸಯಾಂ ದೇಶದ ಕಾಡಿಗೆ ಎಳೆದುಕೊಂಡು ಹೋದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಯುದ್ಧ ಮುಗಿದರೂ ಸುದ್ದಿಯಿಲ್ಲ. ಅಕ್ಕಯಮ್ಮ ಮಗುವನ್ನು ಕಟ್ಟಿಕೊಂಡು ಸಿಕ್ಕ ಹಡಗು ಹತ್ತಿ ತವರಿಗೆ ಬಂದುಬಿಟ್ಟಳು. ಬಂದ ಆರೇಳು ತಿಂಗಳ ಮೇಲೆ ಗಂಡನ ಕಾಗದ ಬಂತು: ಬದುಕಿದ್ದೇನೆ, ಜ್ವರದಿಂದ ಎದ್ದಿದ್ದೇನೆ, ಹಳೆಯ ತೋಟದಲ್ಲೇ ಕೆಲಸ ಸಿಕ್ಕಿದೆ, ನಾನು ಅಲ್ಲಿಗೆ ಬಂದರೆ ಮತ್ತೆ ಇಲ್ಲಿಗೆ ಬಿಡುವುದಿಲ್ಲ, ನೀನೇ ಮಗುವನ್ನು ಕರೆದುಕೊಂಡು ಬಾ. ಅಲ್ಲಿನ ಸರ್ಕಾರದಿಂದ ಹೆಂಡತಿಗೂ, ಅಲ್ಲೇ ಹುಟ್ಟಿದ ಮಗುವಿಗೂ ಒಳಗೆ ಬರಲು ಅನುಮತಿ ಪಡೆದು ಕಳಿಸಿದ್ದ. ಅದಕ್ಕೆ ಗಡುವು ಇತ್ತು. ಗಡುವು ಮೀರಿದರೆ ಅನುಮತಿ ರದ್ದು.

ಇಲ್ಲಿಂದ ಹಡಗು ಹತ್ತಲು ಪಾಸ್‌ಪೋರ್ಟ್ ಬೇಕು. ಬೆಂಗಳೂರಿನ ಕಚೇರಿಯವರು, ತಾಯಿಯ ಪಾಸ್‌ಪೋರ್ಟಿನಲ್ಲಿ ಮಗುವನ್ನೂ ಸೇರಿಸುತ್ತೇವೆ, ಆದರೆ ಮಗು ಪರದೇಶದಲ್ಲಿ ಹುಟ್ಟಿರುವುದರಿಂದ ಅದು ಯಾರ ಪ್ರಜೆ ಎಂದು ನಿಮ್ಮ ಅಮಲ್ದಾರರಿಂದ ಬರೆಸಿಕೊಂಡು ಬನ್ನಿ ಎಂದು ಕಳಿಸಿದ್ದರು.

ಯಾರ ಪ್ರಜೆ? ನನಗೆ ಅವತ್ತು ಶುರುವಾದ ತಲೆನೋವು. ತಂದೆ ಮೈಸೂರು ಮಹಾರಾಜರ ಪ್ರಜೆ. ಮಲಯ ಇಂಗ್ಲಿಷರದು. ಆದರೆ ಮಗು ಹುಟ್ಟಿದ ದಿನ ಅದು ಇಂಗ್ಲಿಷರ ಕೈಯಲ್ಲಿರಲಿಲ್ಲ, ಜಪಾನಿನವರ ಕೈಯಲ್ಲಿತ್ತು. ಹಾಗಾದರೆ ನನ್ನ ಮೇಜಿನ ಮೇಲಿದ್ದ ಶಾಯಿ ಒರೆಸುವ ಕಾಗದವನ್ನು ಚೀಪುತ್ತಿದ್ದ ಈ ಮಗು ಜಪಾನಿನ ಚಕ್ರವರ್ತಿಯ ಪ್ರಜೆಯೋ? ಮೆಲ್ಲಗೆ ಅಮಲ್ದಾರರ ಬಳಿಗೆ ಹೋಗಿ ಕೇಳಿದೆ.

ಅಮಲ್ದಾರರೆಂದರೆ ಈಗಿನ ತಹಸೀಲ್ದಾರರು, ತಾಲ್ಲೂಕಿಗೆ ದೊರೆ. ನಮ್ಮ ಅಮಲ್ದಾರರು ಸಂಸ್ಕೃತ ಓದಿದವರು, ನಶ್ಯದ ಡಬ್ಬಿ ಬಿಟ್ಟಿರುತ್ತಿರಲಿಲ್ಲ. ಕೆಟ್ಟವರಲ್ಲ. ಆದರೆ 'ಗೊತ್ತಿಲ್ಲ' ಎಂಬ ಒಂದು ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಮೊದಲು ಮಗು ಯಾವಾಗ ಹುಟ್ತು ಅಂತ ಗೊತ್ತಾಗಲಿ, ಯಾರದ್ದು ಅನ್ನೋದು ಆಮೇಲೆ" ಎಂದರು.

ಅಕ್ಕಯಮ್ಮ ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದವೊಂದನ್ನು ಕೊಟ್ಟಳು. ಮಲಯದಲ್ಲಿ ಕೊಟ್ಟ ಹುಟ್ಟಿನ ಸರ್ಟಿಫಿಕೇಟು. ಬಿಡಿಸಿ ನೋಡಿದರೆ ಮೇಲಿಂದ ಕೆಳಗೆ ಜಪಾನಿ ಲಿಪಿ. ನಮಗೆ ಓದಲು ಬಂದದ್ದು ಎರಡೇ. ಒಂದು, ಇಂಗ್ಲಿಷಿನಲ್ಲಿ ಟೈಪಾಗಿದ್ದ 'ಲಕ್ಷ್ಮಿ, ತಂದೆ ಮುನಿವೆಂಕಟ' ಎಂಬ ಹೆಸರು. ಇನ್ನೊಂದು ಇಸವಿ, 2604.

ಅಮಲ್ದಾರರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇಸವಿ 2604. "ಇದು ಕ್ರಿಸ್ತಶಕ ಅಲ್ಲ ಕಣ್ರೀ, ಬೇರೆ ಯಾವುದೋ ಶಕೆ. ಜೋಯಿಸರನ್ನ ಕರೆಸಿ" ಎಂದರು. ಪಕ್ಕದ ವಿಜಯಪುರದಿಂದ ಜೋಯಿಸರು ಪಂಚಾಂಗ ಹಿಡಿದು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ ಬಂದರು. ಕಲಿಯುಗದ ಲೆಕ್ಕವಲ್ಲ, ಅದು ಐದು ಸಾವಿರ ದಾಟಿದೆ. ಶಾಲಿವಾಹನ ಶಕೆಯಲ್ಲ, ಅದು ಎರಡು ಸಾವಿರ ಮುಟ್ಟಿಲ್ಲ. ವಿಕ್ರಮ ಶಕೆಯೂ ಕೂಡಿ ಬರಲಿಲ್ಲ. ಮಧ್ಯಾಹ್ನದವರೆಗೆ ಬೆರಳು ಮಡಿಸಿ ಬಿಡಿಸಿ, ಕೊನೆಗೆ ಪಂಚಾಂಗ ಮಡಚಿಟ್ಟು, "ಸ್ವಾಮಿ, ಸರ್ಕಾರದ ಲೆಕ್ಕದ ಪ್ರಕಾರ ನೋಡಿದರೆ ಈ ಮಗು ಹುಟ್ಟೋಕೆ ಇನ್ನೂ ಆರುನೂರು ಚಿಲ್ಲರೆ ವರ್ಷ ಇದೆ" ಎಂದರು. ಇನ್ನೂ ಹುಟ್ಟದ ಮಗು ಅಷ್ಟು ಹೊತ್ತಿಗೆ ಅವರ ಪಂಚಾಂಗದ ದಾರ ಹಿಡಿದು ಎಳೆಯುತ್ತಿತ್ತು.

ಅಕ್ಕಯಮ್ಮ ಬಾಗಿಲ ಹತ್ತಿರದಿಂದ ಮೆಲ್ಲಗೆ ಹೇಳಿದಳು. "ಜಪಾನಿನೋರು ಬಂದ್ಮೇಲೆ ಗಡಿಯಾರ ಬದಲಾಯ್ಸಿದ್ರು ಸಾಮಿ, ದುಡ್ಡು ಬದಲಾಯ್ಸಿದ್ರು. ವರ್ಷಾನೂ ಬದಲಾಯ್ಸಿದ್ರೋ ಏನೋ, ನಂಗೊತ್ತಿಲ್ಲ."

ಅದೇ ನಿಜವಾಗಿತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ 'ಏನೋ' ಎಂಬುದನ್ನು ಫೈಲಿನಲ್ಲಿ ಬರೆಯಲು ಬರುವುದಿಲ್ಲವಲ್ಲ. ಅಮಲ್ದಾರರು ಒಂದು ಚಿಟಿಕೆ ನಶ್ಯ ಏರಿಸಿ ಹುಕುಂ ಹೊರಡಿಸಿದರು: 'ಈ ಮಗುವಿನ ಜನನದ ಬಗ್ಗೆ ನಲ್ಲೂರಿನಲ್ಲಿ ಮಹಜರು ನಡೆಸಿ ಶೇಕದಾರರು ವರದಿ ಮಾಡುವುದು.' ಮಲಯದಲ್ಲಿ ಹುಟ್ಟಿದ ಮಗುವಿಗೆ ನಲ್ಲೂರಿನಲ್ಲಿ ಯಾವ ಮಹಜರು ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ತಾಯಿ ತಂದೆ ಊರಿನವರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕಿರಬೇಕು ಎಂದುಕೊಂಡೆ. ಮರುದಿನದಿಂದ ನನಗೆ ತಂಗಿಯ ಮದುವೆಗೆ ರಜೆ. ಊರಿಗೆ ಹೋದೆ.

ಮಹಜರು ನಡೆದದ್ದು ಹೇಗೆ ಎಂದು ಆಮೇಲೆ ಶಾಮಣ್ಣನವರೇ ಹೇಳಿದರು. ಅವರು ಕ್ಯಾಂಪಿನಲ್ಲಿದ್ದರು. ಜಪಾನಿ ಕಾಗದ ನೋಡಿರಲಿಲ್ಲ, ಕೈಗೆ ಬಂದದ್ದು ಹುಕುಂ ಒಂದೇ. ನಲ್ಲೂರಿಗೆ ಹೋಗಿ ಹುಣಸೆ ತೋಪಿನ ನೆರಳಲ್ಲಿ ಕುರ್ಚಿ ಹಾಕಿಸಿ ಕೂತರು. ಬೇಕಾದವರು ಹತ್ತಿರವಿದ್ದರೆ ಸಾಕ್ಷಿಗಳು ಮುಲಾಜಿಗೆ ಬೀಳುತ್ತಾರೆ ಎಂದು ಪಿಳ್ಳಪ್ಪನ ಮನೆಯವರನ್ನು ಪದ್ಧತಿಯಂತೆ ದೂರ ಕಳಿಸಿದರು. ಪಟೇಲರೂ ಮೂರು ಜನ ಹಿರಿಯರೂ ಸೂಲಗಿತ್ತಿ ಮುನಕ್ಕನೂ ಬಂದು ಕೂತರು. ಶಾಮಣ್ಣನವರು ಎಂದಿನ ಮೂರು ಪ್ರಶ್ನೆ ಕೇಳಿದರು.

ಬಾಣಂತನ ಯಾರ ಮನೆಯಲ್ಲಿ? ಪಿಳ್ಳಪ್ಪನ ಮನೆಯಲ್ಲೇ ಸಾಮಿ, ಊರಿಗೆಲ್ಲ ಗೊತ್ತು. ನೀರು ಹಾಕಿದವರು ಯಾರು? "ನಾನೇ ಸಾಮಿ" ಎಂದಳು ಮುನಕ್ಕ. "ಮೂರು ತಿಂಗ್ಳು ಹಾಕಿದ್ದೀನಿ, ತಾಯಿಗೂ ಮಗೀಗೂ. ಸುಮ್ನೆ ಹೇಳ್ಬಾರ್ದು, ಮೆಣಸು ಬೆಳ್ಳುಳ್ಳಿಗೆ ಪಿಳ್ಳಪ್ಪನ ಹೆಂಡ್ತಿ ದ್ಯಾವಕ್ಕ ಒಂದಿನ ಕಡ್ಮೆ ಮಾಡ್ಲಿಲ್ಲ." ತೊಟ್ಟಿಲು? ಅದೂ ಅಲ್ಲೇ. ಯಾವಾಗ? ಈ ಸಲದ ಯುಗಾದಿ ಆದಮೇಲೆ. ಹೆಸರು? ಗಂಗಮ್ಮ. ಊಟ ಹಾಕಿಸಿದರೇ? ಹಾಕಿಸಿದರು, ಪಾಯಸ ಸಾಲದೆ ಬಂತು.

ಒಬ್ಬರೂ ಒಂದೂ ಸುಳ್ಳು ಹೇಳಿರಲಿಲ್ಲ. ಮೂರಕ್ಕೂ ಒಂದೇ ಊರಿನ ಹೆಸರು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೇಲಿ ಕಟ್ಟು ಅಂದರಂತೆ ಎಂಬ ಗಾದೆ ಇದೆಯಲ್ಲ, ಶಾಮಣ್ಣನವರು ಕಟ್ಟಿಯೇಬಿಟ್ಟರು. 'ಈ ವರ್ಷ ಯುಗಾದಿಯಾದ ಮೇಲೆ ನಲ್ಲೂರಿನ ಪಿಳ್ಳಪ್ಪನ ಮನೆಯಲ್ಲಿ ಗಂಗಮ್ಮ ಎಂಬ ಹೆಣ್ಣುಮಗು ಹುಟ್ಟಿದ್ದನ್ನು ನಾವು ಬಲ್ಲೆವು' ಎಂದು ಬರೆದು ಪಟೇಲರ ರುಜು, ಉಳಿದ ನಾಲ್ವರ ಹೆಬ್ಬೆಟ್ಟು ಹಾಕಿಸಿದರು. ಶೇಕದಾರರೇ ಬರೆದ ಮೇಲೆ ಇನ್ನೇನು ಎಂದು ಪಟೇಲರು ಅದನ್ನು ನೋಡಿಕೊಂಡು ಹುಟ್ಟಿನ ಪುಸ್ತಕದಲ್ಲೂ ಒಂದು ಸಾಲು ಬರೆದರು. ಅಮಲ್ದಾರರು ಮಹಜರನ್ನೂ ಜಪಾನಿ ಕಾಗದವನ್ನೂ ಒಂದೇ ದಾರದಲ್ಲಿ ಪೋಣಿಸಿ, 'ನಾನು ಖುದ್ದಾಗಿ ವಿಚಾರಿಸಿ ನೋಡಿದ್ದೇನೆ, ಎಲ್ಲವೂ ಸರಿಯಾಗಿದೆ' ಎಂದು ರುಜು ಹಾಕಿ ಬೆಂಗಳೂರಿಗೆ ಕಳಿಸಿದರು. ನಾನು ರಜೆ ಮುಗಿಸಿ ಬಂದಾಗ ಫೈಲು ಹೋಗಿಯಾಗಿತ್ತು.

ಹೋದ ಫೈಲು ತಿಂಗಳುಗಟ್ಟಲೆ ಬರಲಿಲ್ಲ. ಪಿಳ್ಳಪ್ಪ ವಾರಕ್ಕೊಮ್ಮೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಆ ನಡುವೆ ದೇಶವೇ ಮಗ್ಗುಲು ಬದಲಿಸಿತು. ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು ಎಂದು ಮಿಠಾಯಿ ಹಂಚಿದರು. ಆದರೆ ಮೈಸೂರು ಇನ್ನೂ ಮಹಾರಾಜರದೇ ಎಂದರು. ಕೆಲವು ವಾರ ಚಳವಳಿಯ ಹುಡುಗರು ಬಾಗಿಲಿಗೆ ಅಡ್ಡ ಮಲಗಿ ನಮ್ಮನ್ನು ಒಳಗೇ ಬಿಡಲಿಲ್ಲ. ಆಮೇಲೆ ಜವಾಬ್ದಾರಿ ಸರ್ಕಾರ ಎಂದರು. ನಾನು ದಿನ ಬೆಳಗಾದರೆ 'ಮೈಸೂರು ಪ್ರಜೆ' ಎಂದು ಅಚ್ಚಾಗಿದ್ದ ಹಳೆಯ ಫಾರಂ ಮುಂದಿಟ್ಟುಕೊಂಡು, ಇವತ್ತು ಇದನ್ನು ಹೊಡೆದು ಹಾಕಬೇಕೋ ಬೇಡವೋ ಎಂದು ನಮ್ಮ ಮೇಲಿನ ಹೆಡ್ ಗುಮಾಸ್ತರಾದ ಶಿರಸ್ತೇದಾರರನ್ನು ಕೇಳುತ್ತಿದ್ದೆ. ಅವರು, "ಪೆನ್ಸಿಲಲ್ಲಿ ಹೊಡೀರಿ, ಬೇಕಾದರೆ ಉಜ್ಜಬಹುದು" ಎನ್ನುತ್ತಿದ್ದರು. ನಾವು ಯಾರ ಪ್ರಜೆಗಳೆಂದು ನಮಗೇ ಗೊತ್ತಿಲ್ಲದ ಆ ದಿನಗಳಲ್ಲಿ ಮಲಯದ ಮಗುವಿನ ಗತಿ ಏನು ಎಂದು ನನಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು.

ಅಂತೂ ಫೈಲು ತಿರುಗಿ ಬಂತು. ಬೆಂಗಳೂರಿನಲ್ಲಿ ಯಾರೋ ಜಪಾನಿ ಬಲ್ಲವರು ಸಿಕ್ಕಿ ಕಾಗದ ಓದಿಬಿಟ್ಟಿದ್ದರು. 2604 ಎಂದರೆ ನಮ್ಮ ಇಸವಿ 1944, ಜಪಾನಿನವರು ಅವರ ಮೊದಲ ಚಕ್ರವರ್ತಿಯಿಂದ ಎಣಿಸುತ್ತಾರಂತೆ. ಕೆಳಗೆ ನಾಲ್ಕು ಸಾಲಿನ ಪ್ರಶ್ನೆ: 'ಮುನಿವೆಂಕಟನಿಗೆ 1944ರಲ್ಲಿ ಮಲಯದಲ್ಲಿ ಲಕ್ಷ್ಮಿ ಎಂಬ ಮಗುವೂ, 1946ರಲ್ಲಿ ನಲ್ಲೂರಿನಲ್ಲಿ ಗಂಗಮ್ಮ ಎಂಬ ಮಗುವೂ ಹುಟ್ಟಿರುವಂತೆ ಕಾಣುತ್ತದೆ. ಅನುಮತಿ ಇರುವುದು ಒಂದು ಮಗುವಿಗೆ. ಇಬ್ಬರೂ ಒಂದೇ ಎನ್ನುವುದಾದರೆ ಮಹಜರು ಸುಳ್ಳು, ಸುಳ್ಳು ಸಾಕ್ಷಿ ಹೇಳಿದವರ ಮೇಲೆ ಕ್ರಮ ಕೈಗೊಂಡು ವರದಿ ಮಾಡಿ. ಇಬ್ಬರು ಎನ್ನುವುದಾದರೆ ಎರಡನೆಯ ಮಗು ಎಲ್ಲಿ ಎಂದು ತಿಳಿಸಿ.'

ಓದಿ ನನಗೆ ತಲೆಬುಡ ತಿಳಿಯಲಿಲ್ಲ. ಶಾಮಣ್ಣನವರನ್ನು ಕರೆಸಿದರೆ ಅವರೂ ಬೆಪ್ಪಾಗಿ ನಿಂತರು. ಅಮಲ್ದಾರರು ನಲ್ಲೂರಿನವರಿಗೆಲ್ಲ ಬರಹೇಳಿದರು. ಗಡುವಿಗೆ ಮೂರು ವಾರ ಉಳಿದಿತ್ತು.

ಅವತ್ತು ಪಿಳ್ಳಪ್ಪ, ಅಕ್ಕಯಮ್ಮ, ಪಟೇಲರು, ಮುನಕ್ಕ, ಅವರೆಲ್ಲರ ಹಿಂದೆ ಪಿಳ್ಳಪ್ಪನ ಹೆಂಡತಿ ದ್ಯಾವಮ್ಮ ಬಂದರು. ದ್ಯಾವಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಕುಳ್ಳಗಿನ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ.

ಅಮಲ್ದಾರರು ಮುನಕ್ಕನನ್ನು ಗದರಿದರು. "ಎರಡು ವರ್ಷದ ಮಗು ಹಡಗಲ್ಲಿ ಬಂದಿದೆ. ನೀನು ಬಾಣಂತಿಗೆ ನೀರು ಹಾಕಿದೆ ಅಂತ ಹೆಬ್ಬೆಟ್ಟು ಹಾಕಿದೀಯ. ಜೈಲಿಗೆ ಹೋಗ್ತೀಯ?"

ಮುನಕ್ಕ ಕೈ ಮುಗಿದಳು. "ಹಾಕಿದ್ದು ನಿಜ ಸಾಮಿ. ದ್ಯಾವಕ್ಕ ಹಾಕು ಅಂದ್ಲು, ಹಾಕ್ದೆ."

"ಎರಡು ವರ್ಷದ ಮಗುವಿನ ತಾಯಿಗೆ ಯಾವ ಬಾಣಂತನ?"

ದ್ಯಾವಮ್ಮ ಮುಂದೆ ಬಂದು ನಿಂತಳು.

"ನಾನೇಳ್ತೀನಿ ಸಾಮಿ. ನನ್ ಮಗ್ಳು ಹಡಗಿಳ್ದು ಬಂದ್ಲಲ್ಲ, ಬಂದ್ ದಿನಾನೇ ಊರ್ನೋರು ಶುರು ಹಚ್ಕೊಂಡ್ರು. ಗಂಡ ಸತ್ತವ್ನೆ, ತಾಳಿ ತೆಗ್ಸು, ಬಳೆ ಒಡ್ಸು, ಹೆಂಗಿದ್ರೂ ಮಾಡ್ಬೇಕಾದ್ದು ಮಾಡಿ ಮುಗ್ಸು ಅಂತ. ಹೆಣ ಕಂಡೋರು ಯಾರು ಅಂತ ಕೇಳ್ದೆ. ಯಾರೂ ಕಂಡಿರ್ಲಿಲ್ಲ. ಆದ್ರೂ ದಿನಾ ಬರೋರು. ಬಾಣಂತಿ ಕೋಣೇಗೆ ಯಾರೂ ಕಾಲಿಡೋ ಹಂಗಿಲ್ವಲ್ಲ ಸಾಮಿ. ಬಾಣಂತಿ ಬಳೆ ಮುಟ್ಟೋ ಹಂಗಿಲ್ಲ. ಚೊಚ್ಚಲು ಬಾಣಂತನ ನಮ್ಮನೇಲಿ ಆಗ್ಲಿಲ್ಲ, ಈಗ ಮಾಡ್ತೀನಿ ಅಂತ ಒಳೀಕ್ ಕರ್ಕಂಡು ಬಾಗ್ಲಾಕ್ದೆ. ಕಿವೀಗೆ ಹತ್ತಿ ಇಟ್ಟೆ, ತಲೇಗೆ ಬಟ್ಟೆ ಕಟ್ಟಿ ಮಲಗ್ಸಿದೆ. ಮೂರು ತಿಂಗ್ಳು. ಆಮೇಲೆ ತೊಟ್ಲು ಕಟ್ಟಿ ಗಂಗಮ್ಮ ಅಂತ ದೇವ್ರ ಹೆಸ್ರಿಟ್ಟೆ. ಮಗೀನ ಕಾಲು ತೊಟ್ಲಿಂದ ಆಚೆ ಬಂದಿದ್ವು, ಎಲ್ರೂ ನಕ್ರು. ನಗ್ಲಿ ಅಂದೆ. ಶುಭ ನಡೆಯೋ ಮನೇಲಿ ಬಳೆ ಒಡ್ಸು ಅನ್ನೋಕೆ ಯಾರ್ಗೂ ಬಾಯಿ ಬರ್ಲಿಲ್ಲ. ಅಷ್ಟೊತ್ಗೆ ಕಾಗ್ದ ಬಂತು."

ಪಟೇಲರು ನೆಲ ನೋಡುತ್ತಿದ್ದರು. ಬಳೆ ಒಡೆಸು ಎಂದವರಲ್ಲಿ ಅವರೂ ಇದ್ದರು ಎಂದು ನನಗೆ ಹೊಳೆಯಿತು. ಅಮಲ್ದಾರರು ನಶ್ಯದ ಡಬ್ಬಿ ತೆರೆದರು, ಮತ್ತೆ ಮುಚ್ಚಿದರು.

ಆದರೂ ಫೈಲು ಫೈಲೇ. ಮಹಜರು ತಪ್ಪು ಎಂದು ಬರೆದರೆ ಐದು ಜನ ಕೋರ್ಟಿನ ಕಟ್ಟೆ ಹತ್ತಬೇಕು, 'ಖುದ್ದಾಗಿ ನೋಡಿದ್ದೇನೆ' ಎಂದ ಅಮಲ್ದಾರರು ತಮ್ಮ ಮಾತನ್ನು ತಾವೇ ನುಂಗಬೇಕು. ವಿಚಾರಣೆ ಮುಗಿಯುವ ಹೊತ್ತಿಗೆ ಗಡುವಂತೂ ದಾಟಿರುತ್ತದೆ. ಸರಿ ಎಂದು ಬರೆದರೆ ಇಲ್ಲದ ಮಗುವನ್ನು ತೋರಿಸಬೇಕು. ಅತ್ತ ದರಿ, ಇತ್ತ ಪುಲಿ.

ಶಾಮಣ್ಣನವರು ಗಂಟಲು ಸರಿಮಾಡಿಕೊಂಡರು. "ಒಂದು ದಾರಿ ಇದೆ ಸ್ವಾಮಿ. ಎರಡನೇ ಮಗು ಗಂಗಮ್ಮ ಜ್ವರ ಬಂದು ತೀರಿಕೊಂಡಿತು ಅಂತ ಪಟೇಲರ ಪುಸ್ತಕದಲ್ಲಿ ಒಂದು ಸಾಲು ಬರೆಸಿಬಿಟ್ಟರೆ ಆಯ್ತು. ಮಹಜರೂ ಉಳಿಯುತ್ತೆ, ಮಗುವೂ ಹೋಗುತ್ತೆ. ತಾಯಿ ಒಂದು ಹೆಬ್ಬೆಟ್ಟು ಹಾಕಿದರೆ ಸಾಕು."

ಬಹಳ ಅಚ್ಚುಕಟ್ಟಾದ ದಾರಿ. ಅಮಲ್ದಾರರ ಮುಖ ಅರಳಿತು. ನಾನು ಕಾಗದ ತೆಗೆದು ಬರೆಯಲು ಶುರುಮಾಡಿಯೇಬಿಟ್ಟಿದ್ದೆ. ಪಿಳ್ಳಪ್ಪ ಮಗಳ ಕಡೆ ನೋಡಿದ. ಅಕ್ಕಯಮ್ಮನಿಗೆ ಗಂಡನ ಹತ್ತಿರ ಹೋಗಬೇಕು. ಅವಳು ಎರಡು ಹೆಜ್ಜೆ ಮುಂದೆ ಬಂದು, ಶಾಯಿ ಹಚ್ಚಿಸಿಕೊಳ್ಳಲು ಎಡಗೈ ಚಾಚಿದಳು.

ದ್ಯಾವಮ್ಮ ಬಂದು ಆ ಕೈ ಹಿಡಿದು ಕೆಳಗಿಳಿಸಿದಳು.

"ಬ್ಯಾಡ ಕಣವ್ವ. ಅವತ್ತು ಅಳೀನ ಸತ್ತ ಅನ್ನು ಅಂದ್ರು, ನಾನನ್ಲಿಲ್ಲ. ಬದುಕ್ಬಂದ. ಇವತ್ತು ಮಗಾನ ಸತ್ತೋಯ್ತು ಅನ್ನು ಅಂತಾವ್ರೆ. ಗಂಗಮ್ಮ ಅಂತ ಕರುದ್ರೆ ತಿರುಗಿ ನೋಡೋ ಮಗಾ ಇದು. ಇದ್ನ ಸತ್ತೋಯ್ತು ಅಂತ ಬರ್ಸಿ, ಆಮೇಲೆ ಯಾವ್ ಬಾಯಲ್ಲಿ ಇದ್ಕೆ ಅನ್ನ ಇಕ್ಕೀಯ?"

"ಅಮ್ಮಾ, ಅದು ಬರೀ ಕಾಗದದ ಮಾತು" ಎಂದೆ ನಾನು.

"ಕಾಗ್ದದ ಮಾತಾದ್ರೆ ಬದುಕವ್ಳೆ ಅಂತಾನೇ ಬರೀರಿ ಸಾಮಿ. ಸಾಯ್ಸೋಕೂ ಅಷ್ಟೇ ಶಾಯಿ, ಬದುಕ್ಸೋಕೂ ಅಷ್ಟೇ ಶಾಯಿ."

"ಬದುಕಿದ್ದರೆ ಎಲ್ಲಿದ್ದಾಳೆ ಅಂತ ಕೇಳ್ತಾರಲ್ಲಮ್ಮ" ಎಂದರು ಅಮಲ್ದಾರರು.

"ನನ್ ತಾವ ಅವ್ಳೆ ಅನ್ನಿ. ಲಕ್ಷ್ಮಿ ಅವ್ರಮ್ಮನ ಜೊತೆ ಹೋಗ್ಲಿ. ಗಂಗಮ್ಮ ಅಜ್ಜಿ ತಾವ ಇರ್ತಾಳೆ. ನಾನ್ ನೋಡ್ಕಂತೀನಿ."

ಅಮಲ್ದಾರರು ನನ್ನ ಕಡೆ ತಿರುಗದೆಯೇ, "ಬರ್ಕೊಳ್ರೀ ರಾಮಯ್ಯ" ಎಂದರು. ಬರೆದುಕೊಂಡೆ. 'ಎರಡನೆಯ ಮಗು ಗಂಗಮ್ಮನನ್ನು ಸಾಕುವ ಭಾರವನ್ನು ತಾಯಿಯ ತಾಯಿ ದ್ಯಾವಮ್ಮ ವಹಿಸಿಕೊಂಡಿರುತ್ತಾಳೆ. ಸದರಿ ಮಗು ನಲ್ಲೂರಿನಲ್ಲೇ ವಾಸವಿರತಕ್ಕದ್ದು. ಮೊದಲನೆಯ ಮಗು ಲಕ್ಷ್ಮಿಯು ಮಲಯದಲ್ಲಿ ಹುಟ್ಟಿದ್ದರೂ ತಂದೆಯು ಈ ಸೀಮೆಯವನಾದ್ದರಿಂದ ಈ ಸೀಮೆಯ ಪ್ರಜೆ.' ಯಾವ ಸೀಮೆ ಎಂದು ಕೇಳಿದೆ. "ಸೀಮೆ ಅಂತಲೇ ಇರಲಿ, ಅದು ಬದಲಾಗಲ್ಲ" ಎಂದರು. ಅವರ ಬಾಯಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು. ದ್ಯಾವಮ್ಮ ಹೆಬ್ಬೆಟ್ಟನ್ನು ಒತ್ತಿದ ರೀತಿಗೆ ಕಾಗದದ ಹಿಂಬದಿಗೂ ಶಾಯಿ ಮೂಡಿತ್ತು.

ಬೆಂಗಳೂರಿನವರು ಮರುಮಾತಿಲ್ಲದೆ ಒಪ್ಪಿದರು. ಗಡುವಿಗೆ ಮೊದಲೇ ಅಕ್ಕಯಮ್ಮ ಮಗುವಿನೊಡನೆ ಮದರಾಸಿನಲ್ಲಿ ಹಡಗು ಹತ್ತಿದಳು. ಅವಳನ್ನು ಬಸ್ಸಿಗೆ ಹತ್ತಿಸುವಾಗ ನಾನೂ ಅಲ್ಲಿದ್ದೆ. ಮಗು ಅಜ್ಜಿಯ ಕುತ್ತಿಗೆ ಬಿಡದೆ ರಂಪ ಮಾಡಿತು. ಬಸ್ಸು ಹೋದ ಮೇಲೆ ದ್ಯಾವಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು, "ಹೋಗ್ಲಿ ಬಿಡಿ ಸಾಮಿ, ಒಂದು ನಂಗೆ ಬಿಟ್ಟೋಗವ್ಳೆ" ಎಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ಆಮೇಲೆ ಸಂತೆಯಲ್ಲಿ ಎಲ್ಲಿ ಸಿಕ್ಕಿದರೂ ಅವಳದು ಒಂದೇ ಪ್ರಶ್ನೆ. "ನಮ್ ಗಂಗಮ್ಮಂಗೆ ಈಗ ಎಷ್ಟಾಯ್ತು ಸಾಮಿ?" ಮೊದಮೊದಲು ತಮಾಷೆಗೆ ಕೇಳುತ್ತಾಳೆ ಎಂದುಕೊಂಡು ನಾನೂ ತಮಾಷೆಗೆ ಹೇಳುತ್ತಿದ್ದೆ. ನಾಲ್ಕು ಎಂದೆ, ಏಳು ಎಂದೆ. ಏಳಾದ ವರ್ಷ ಶಾಲೆಯ ಮೇಷ್ಟರು ಪಟೇಲರ ಪುಸ್ತಕ ನೋಡಿ, ಮೊಮ್ಮಗಳನ್ನು ಯಾಕೆ ಶಾಲೆಗೆ ಕಳಿಸಿಲ್ಲ ಎಂದು ಕೇಳಿದರಂತೆ. ಅಪ್ಪನ ಹತ್ತಿರ ಹೋಗಿದ್ದಾಳೆ, ಬರ್ತಾಳೆ ಎಂದಳಂತೆ. ಹನ್ನೆರಡು ಎಂದು ಹೇಳಿದ ವರ್ಷ ಅವಳು ನಗಲಿಲ್ಲ, ನಾನೂ ನಗಲಿಲ್ಲ.

ಮಲಯದಿಂದ ಕಾಗದಗಳು ಬರುತ್ತಿದ್ದವು, ಬರಬರುತ್ತ ಕಡಿಮೆಯಾದವು. ಅಲ್ಲಿಗೂ ಸ್ವಾತಂತ್ರ್ಯ ಬಂದ ಮೇಲೆ ಮುನಿವೆಂಕಟನಿಂದ ನನ್ನ ಹೆಸರಿಗೇ ಒಂದು ಕಾಗದ ಬಂತು. ಲಕ್ಷ್ಮಿಯ ಜಪಾನಿ ಸರ್ಟಿಫಿಕೇಟನ್ನು ಹೊಸ ಸರ್ಕಾರದ ಕಚೇರಿಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ, ಅವಳು ಇಲ್ಲಿಯವಳೋ ಅಲ್ಲಿಯವಳೋ ಇನ್ನೂ ತೀರ್ಮಾನವಾಗಿಲ್ಲ, ಅವಳು ನಮ್ಮ ದೇಶದವಳೆಂದು ಅಲ್ಲಿ ಏನಾದರೂ ದಾಖಲೆ ಇದೆಯೇ ಎಂದು ಕೇಳಿದ್ದ. ಹುಡುಕಿದೆ. ಲಕ್ಷ್ಮಿಯ ಬಗ್ಗೆ ನಮ್ಮಲ್ಲಿದ್ದದ್ದು 'ಸೀಮೆ' ಎಂದು ಬರೆದ ಆ ಒಂದು ಸಾಲು ಮಾತ್ರ. ಅದರ ನಕಲು ತೆಗೆದು ಕಳಿಸಿದೆ. ಬೇಕಾದಷ್ಟು ದಾಖಲೆ ಇದ್ದದ್ದು ಗಂಗಮ್ಮನಿಗೆ: ಪಟೇಲರ ಪುಸ್ತಕ, ಮಹಜರು, ಅಜ್ಜಿಯ ಹೇಳಿಕೆ, ಮೇಷ್ಟರ ಪಟ್ಟಿ. ಕಳಿಸಿದ ನಕಲಿನಿಂದ ಏನಾಯಿತು ಎಂದು ಮತ್ತೆ ಕಾಗದ ಬರಲಿಲ್ಲ.

ನಾನು ನಿವೃತ್ತನಾಗುವ ಮೊದಲು ಒಂದು ಚುನಾವಣೆಗೆ ನಲ್ಲೂರಿನ ಶಾಲೆಯಲ್ಲಿ ನನ್ನನ್ನು ಮತಗಟ್ಟೆ ಅಧಿಕಾರಿಯಾಗಿ ಹಾಕಿದರು. ಮಧ್ಯಾಹ್ನ ದ್ಯಾವಮ್ಮ ಕೋಲೂರಿಕೊಂಡು ಬಂದಳು. ಪಿಳ್ಳಪ್ಪ ಇರಲಿಲ್ಲ. ಕಣ್ಣು ಮಂಜಾಗಿತ್ತು, ಆದರೆ ನನ್ನ ದನಿಯಿಂದಲೇ ಗುರುತು ಹಿಡಿದಳು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ವೋಟು ಹಾಕಿ, ಹೊರಗೆ ಹೋಗದೆ ಮೇಜಿನ ಹತ್ತಿರವೇ ನಿಂತಳು.

"ಗಂಗಮ್ಮಂದು ಬಂದೈತಾ ನೋಡಿ ಸಾಮಿ. ಬರ್ಕಂಡೋಗೋಕೆ ಬಂದಿದ್ರು, ನಾನೇಳಿದ್ದೆ."

ಪಟ್ಟಿ ನೋಡಿದೆ. ದ್ಯಾವಮ್ಮನ ಕೆಳಗಿನ ಸಾಲಿನಲ್ಲೇ ಇತ್ತು. ಗಂಗಮ್ಮ, ತಂದೆ ಮುನಿವೆಂಕಟ, ಹೆಣ್ಣು, ವಯಸ್ಸು ಇಪ್ಪತ್ತೊಂದು.

"ಬಂದಿದೆಯಮ್ಮ" ಎಂದೆ.

ಪಕ್ಕದಲ್ಲಿ ಕೂತಿದ್ದ ಪಕ್ಷದ ಏಜೆಂಟ್ ಹುಡುಗ ಪಟ್ಟಿಗೆ ಬಗ್ಗಿದ. "ಇದ್ಯಾರಜ್ಜಿ ಗಂಗಮ್ಮ? ನಮ್ಮೂರಲ್ಲಿ ನಾನು ನೋಡೇ ಇಲ್ವಲ್ಲ. ಹೊಡೆದಾಕಿ ಸಾರ್, ಇಲ್ಲದಿರೋರ ಹೆಸರು."

ಅವನು ಹೇಳಿದ್ದು ನ್ಯಾಯವೇ. ಇಲ್ಲದವರ ಹೆಸರು ಪಟ್ಟಿಯಲ್ಲಿರಬಾರದು. ಆದರೆ ಸಮುದ್ರದಾಚೆ ಇರುವ ಒಬ್ಬ ಹೆಣ್ಣುಮಗಳಿಗೆ ಜಗತ್ತಿನಲ್ಲಿ ಎಲ್ಲಿಯಾದರೂ ನಮ್ಮವಳು ಎಂದು ಗಟ್ಟಿಯಾಗಿ ಬರೆದಿರುವುದು ಇಲ್ಲೊಂದೇ ಕಡೆ, ಅದೂ ಬೇರೆ ಹೆಸರಿನಲ್ಲಿ. ನಾನು ಪೆನ್ಸಿಲ್ ಹಿಡಿದು ಕೂತೆ.

"ಹೊಡೀಬ್ಯಾಡಿ ಸಾಮಿ" ಎಂದಳು ದ್ಯಾವಮ್ಮ. "ಅಪ್ಪನ ತಾವ ಹೋಗವ್ಳೆ. ಅಲ್ಲಿ ಯಾರಾರ ನೀನ್ ಯಾರು ಅಂತ ಅಂದ್ರೆ, ಬರೋಕೊಂದ್ ಜಾಗ ಇರ್ಲಿ."

ಮತಗಟ್ಟೆಯಲ್ಲಿ ಹೆಸರು ಹೊಡೆದು ಹಾಕುವ ಅಧಿಕಾರ ನನಗಿಲ್ಲಪ್ಪ ಎಂದು ಆ ಹುಡುಗನಿಗೆ ಹೇಳಿದೆ. ಅದು ನಿಜವೂ ಹೌದು. ದ್ಯಾವಮ್ಮ ಶಾಲೆಯ ಜಗಲಿಯ ಮೇಲೆ ಹೋಗಿ ಕೂತಳು. ಹೊತ್ತಾಯಿತು, ಮನೆಗೆ ಹೋಗಮ್ಮ ಎಂದರೆ, ಇರ್ತೀನಿ ಎಂದಳು. ಸಂಜೆ ಬಾಗಿಲು ಹಾಕಿ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತುವಾಗಲೂ ಅಲ್ಲೇ ಇದ್ದಳು. ವೋಟು ಹಾಕಲು ಬಾರದೆ ಉಳಿದವರ ಹೆಸರುಗಳನ್ನು ಎಣಿಸಿದೆ. ಊರಲ್ಲಿ ತುಂಬ ಜನ ಬಂದಿರಲಿಲ್ಲ, ಅವರಲ್ಲಿ ಗಂಗಮ್ಮನೂ ಒಬ್ಬಳು.